ಘಾಟಿ ಬಂತು, ಕೀ ಕೊಡು

ಬೆಂಗಳೂರಿನಿಂದ ನಸುಕಿನಲ್ಲಿ ಹೊರಟ ಜೋಡಿ. ಹಾಸನದ ತನಕ ಓಡಿಸಿದ್ದು ಗಂಡ, ಅಲ್ಲಿಂದ ಬೇಲೂರು, ಮೂಡಿಗೆರೆ ದಾಟಿಸಿದ್ದು ಹೆಂಡತಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಎದ್ದಾಗ ಗಂಡ ಕೈ ಚಾಚುತ್ತಾನೆ. ‘ಇನ್ನು ಘಾಟಿ, ಕೀ ಕೊಡು.’ ಅವಳು ಕೊಡುತ್ತಾಳೆ. ಮಾತಿಗೆ ಮಾತು ಬೆಳೆಯುವುದಿಲ್ಲ. ಕೇಳಿದವನಿಗೆ ಯಜಮಾನಿಕೆ ನಡೆಸಿದೆ ಅನ್ನಿಸುವುದಿಲ್ಲ, ಕೊಟ್ಟವಳಿಗೆ ಏನೋ ಬಿಟ್ಟುಕೊಟ್ಟೆ ಅನ್ನಿಸುವುದಿಲ್ಲ. ಇಷ್ಟು ಸಲೀಸಾಗಿ ನಡೆದುಹೋಗುತ್ತದೆ ಎಂಬ ಕಾರಣಕ್ಕೇ ಇದರ ಬಗ್ಗೆ ಬರೆಯಬೇಕಾಗಿದೆ.

ಬಯಲುಸೀಮೆಯ ರಸ್ತೆಯಲ್ಲಿ ಯಾರಾದರೂ ಓಡಿಸಲಿ, ಘಾಟಿ ಮಾತ್ರ ಗಂಡಸಿನ ಕೆಲಸ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ ಅದನ್ನು ಯಾರೂ ವಾದಿಸಿ ಸಾಧಿಸಬೇಕಾಗಿಲ್ಲ. ಸಿನಿಮಾ ಹಾಡುಗಳಲ್ಲಿ ನಾಯಕ ಜೀಪು ತಿರುಗಿಸುತ್ತಾನೆ, ನಾಯಕಿಯ ಕೂದಲು ಗಾಳಿಗೆ ಹಾರುತ್ತದೆ. ಕಾರಿನ ಜಾಹೀರಾತುಗಳಲ್ಲೂ ಅದೇ. ಊರಿಂದ ಅಮ್ಮ ಫೋನ್ ಮಾಡಿದರೆ ಮೊದಲ ಪ್ರಶ್ನೆ, ‘ಘಟ್ಟದಲ್ಲಿ ಅವರೇ ಓಡಿಸ್ತಾರೆ ತಾನೆ?’ ದಿನವೂ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಗಿಜಿಗಿಜಿಯಲ್ಲಿ ಕಾರು ನುಸುಳಿಸುವ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎರಡು ಕಂಬಗಳ ನಡುವೆ ರಿವರ್ಸ್‌ನಲ್ಲಿ ಗಾಡಿ ಸೇರಿಸುವ ಹೆಣ್ಣುಮಗಳು, ವರ್ಷಕ್ಕೊಮ್ಮೆ ಮಲೆನಾಡಿನ ಪ್ರವಾಸಕ್ಕೆ ಹೊರಟಾಗ ಘಟ್ಟದ ನೆತ್ತಿಯಲ್ಲಿ ಇದ್ದಕ್ಕಿದ್ದಂತೆ ಅಸಮರ್ಥಳಾಗಿಬಿಡುತ್ತಾಳೆ. ಈ ನಂಬಿಕೆ ಸುಳ್ಳು. ಸುಳ್ಳಷ್ಟೇ ಅಲ್ಲ, ಅಪಾಯಕಾರಿ. ಇಬ್ಬರೂ ಕೂಡಿ ಖುಷಿಪಡಲೆಂದು ಹೊರಟ ಪ್ರವಾಸವನ್ನು ಇಬ್ಬರಿಗೂ ಅರ್ಧ ಮಾಡಿಬಿಡುವಂಥದ್ದು.

ಮೊದಲು ಬಲದ ಮಾತು ತೆಗೆದುಕೊಳ್ಳೋಣ. ಪವರ್ ಸ್ಟೀರಿಂಗ್ ಇಲ್ಲದ ಅಂಬಾಸಿಡರ್ ಕಾಲದಲ್ಲಿ ಹೇರ್‌ಪಿನ್ ತಿರುವಿನಲ್ಲಿ ಚಕ್ರ ತಿರುಗಿಸಲು ತೋಳಿನ ಶಕ್ತಿ ಬೇಕಿತ್ತು, ನಿಜ. ಆ ಕಾಲ ಹೋಗಿ ಎಷ್ಟೋ ವರ್ಷವಾಯಿತು. ಇಂದಿನ ಸಣ್ಣ ಕಾರಿನ ಸ್ಟೀರಿಂಗ್ ಒಂದು ಕೈಯಲ್ಲಿ ತಿರುಗುತ್ತದೆ. ಘಟ್ಟ ಇಳಿಯಲು ಬೇಕಾದದ್ದು ತೋಳಲ್ಲ, ಒಂದಿಷ್ಟು ತಿಳಿವಳಿಕೆ. ಇಬ್ಬರು ಮತ್ತು ಅವರ ಸಾಮಾನು ಸೇರಿ 1,400 ಕೆ.ಜಿ. ತೂಗುವ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿಯುತ್ತದೆ ಎಂದುಕೊಳ್ಳಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಆ ಇಳಿತದಲ್ಲಿ ಕಾರು ಕಳೆದುಕೊಳ್ಳಬೇಕಾದ ಶಕ್ತಿ, ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಅದೇ ಕಾರನ್ನು ಹನ್ನೆರಡಕ್ಕೂ ಹೆಚ್ಚು ಸಲ ಪೂರ್ತಿ ನಿಲ್ಲಿಸುವುದಕ್ಕೆ ಸಮ. ಅದಷ್ಟನ್ನೂ ಬ್ರೇಕಿನ ಮೇಲೆ ಹೊರಿಸಿದರೆ ಪ್ಯಾಡ್ ಕಾದು ಹಿಡಿತ ಬಿಡುತ್ತದೆ, ಬ್ರೇಕ್ ಆಯಿಲ್ ಕುದಿಯುವ ಮಟ್ಟಕ್ಕೂ ಹೋಗಬಹುದು. ಎರಡನೇ ಗೇರಿನಲ್ಲಿಟ್ಟರೆ ದೊಡ್ಡ ಪಾಲನ್ನು ಎಂಜಿನ್ನೇ ನುಂಗಿಕೊಳ್ಳುತ್ತದೆ. ಘಟ್ಟದ ವಿದ್ಯೆಯ ಮುಕ್ಕಾಲು ಪಾಲು ಇಷ್ಟೇ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುತ್ತೇನೆ ಎನ್ನುವ ಗಂಡಸರನ್ನು ನೀವೂ ಕಂಡಿರುತ್ತೀರಿ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನ ಪೂರೈಕೆಯೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ತನ್ನ ಉಸಿರಾಟಕ್ಕೆಂದು ಇಂಧನ ಉರಿಸುತ್ತಲೇ ಇರುತ್ತದೆ. ಅಂದರೆ ಅವರು ಉಳಿಸುವುದೂ ಇಲ್ಲ, ಬ್ರೇಕನ್ನೂ ಸುಡುತ್ತಾರೆ. ಇಂಥ ತಪ್ಪು ಮಾಡುವ ಗಂಡನ ಕೈಗೆ, ಗಂಡ ಎಂಬ ಒಂದೇ ಕಾರಣಕ್ಕೆ, ಘಾಟಿ ಒಪ್ಪಿಸುವುದು ಯಾವ ಲೆಕ್ಕ?

ಕಾರಿನ ಚರಿತ್ರೆಯೇ ಈ ನಂಬಿಕೆಗೆ ಎದುರು ನಿಂತಿದೆ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆಯೇ, ಅವನು ಕಟ್ಟಿದ ಮೂರು ಚಕ್ರದ ಬಂಡಿಯನ್ನು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಓಡಿಸಿದಳು. ನೂರು ಕಿಲೋಮೀಟರಿಗಿಂತ ಹೆಚ್ಚಿನ ದಾರಿ. ಆಂತರಿಕ ದಹನ ಎಂಜಿನ್ನಿನ ವಾಹನದಲ್ಲಿ ಅಷ್ಟು ದೂರ ಅದಕ್ಕೆ ಮುಂಚೆ ಯಾರೂ ಹೋಗಿರಲಿಲ್ಲ. ಅವಳನ್ನು ಕಾಡಿದ್ದು ಏರು ಮತ್ತು ಇಳಿಜಾರು. ಏರಿನಲ್ಲಿ ಬಂಡಿ ಹತ್ತದೆ ಮಕ್ಕಳು ಇಳಿದು ತಳ್ಳಬೇಕಾಯಿತು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ ದಾರಿಯಲ್ಲಿದ್ದ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದಳು. ಹಿಂದಿರುಗಿದ ಮೇಲೆ ಏರು ಹತ್ತಲು ಇನ್ನೊಂದು ಗೇರು ಬೇಕೆಂದು ಗಂಡನಿಗೆ ಹೇಳಿದಳು. ಏರಿಗೊಂದು ಕೆಳಗೇರು ಬೇಕು, ಇಳಿಜಾರಿಗೆ ಬ್ರೇಕಿನ ಮೇಲೆ ಹೊದಿಕೆ ಬೇಕು ಎಂಬ ಪಾಠ ಕಾರಿಗೆ ಬಂದದ್ದು ರಸ್ತೆಯಲ್ಲಿ ಕಷ್ಟಪಟ್ಟ ಒಬ್ಬ ಹೆಂಡತಿಯ ಅನುಭವದಿಂದ. ಅದಾಗಿ ನೂರಾಮೂವತ್ತಕ್ಕೂ ಹೆಚ್ಚು ವರ್ಷ ಕಳೆದಿವೆ. ನಾವಿನ್ನೂ ಕೊಟ್ಟಿಗೆಹಾರದಲ್ಲಿ ಕೀ ಬದಲಾಯಿಸುತ್ತಿದ್ದೇವೆ.

ಈಗ ವಾಂತಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಯಾರೂ ಗಂಭೀರವಾಗಿ ಎತ್ತುವುದಿಲ್ಲ, ಆದರೆ ಘಟ್ಟದ ಪ್ರವಾಸದಲ್ಲಿ ಹೆಂಗಸರು ಅನುಭವಿಸುವ ನಿಜವಾದ ಸಂಕಟ ಇದೇ. ಎಡಗಡೆಯ ಸೀಟಿನಲ್ಲಿ ಕೂತವಳಿಗೆ ನಾಲ್ಕನೇ ತಿರುವಿಗೆ ಬಾಯಲ್ಲಿ ನೀರೂರುತ್ತದೆ, ಆರನೇ ತಿರುವಿಗೆ ಹಣೆ ಬೆವರುತ್ತದೆ. ಮುಂದಿನದು ಪ್ಲಾಸ್ಟಿಕ್ ಚೀಲ, ನಿಂಬೆಹಣ್ಣು, ಶುಂಠಿ ಪೆಪ್ಪರ್‌ಮೆಂಟು. ಕಾರಣ ಸರಳ. ಒಳಗಿವಿ ದೇಹ ತಿರುಗುತ್ತಿದೆ ಎನ್ನುತ್ತದೆ, ಮೊಬೈಲನ್ನೋ ಡ್ಯಾಶ್‌ಬೋರ್ಡನ್ನೋ ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ. ಎರಡರ ಹೊಂದಾಣಿಕೆ ತಪ್ಪಿದಾಗ ಹೊಟ್ಟೆ ತೊಳಸುತ್ತದೆ. ಓಡಿಸುವವರಿಗೆ ಈ ತೊಂದರೆ ಅಪರೂಪ. ಮುಂದಿನ ತಿರುವು ಯಾವ ಕಡೆಗೆ, ಎಷ್ಟು ಎಂಬುದು ಅವರ ಕೈಯಲ್ಲೇ ಇರುವುದರಿಂದ ದೇಹ ಮೊದಲೇ ಸಿದ್ಧವಾಗಿರುತ್ತದೆ. ಕಾರಿನ ಓಕರಿಕೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಹಾಗಾದರೆ ನಾವು ಮಾಡುತ್ತಿರುವುದೇನು? ಓಕರಿಕೆ ಹೆಚ್ಚಿರುವವರನ್ನು ಓಕರಿಕೆ ಹೆಚ್ಚಿಸುವ ಸೀಟಿನಲ್ಲೇ ಕೂರಿಸುತ್ತೇವೆ. ಅದು ಬರದಂತೆ ಮಾಡಬಲ್ಲ ಸೀಟನ್ನು, ಯಾವ ಸೀಟಿನಲ್ಲಿ ಕೂತರೂ ಆರಾಮವಾಗಿರುವವರಿಗೆ ಕೊಡುತ್ತೇವೆ. ಆಮೇಲೆ ‘ಇವಳಿಗೆ ಘಾಟಿ ಆಗಲ್ಲ’ ಎಂದು ಅವಳ ಮೇಲೇ ತೀರ್ಪು ಕೊಡುತ್ತೇವೆ.

ಓಕರಿಕೆಗೆ ಹೆದರಿ ಎಷ್ಟೋ ಹೆಂಗಸರು ಹೊರಡುವ ಮುಂಚೆಯೇ ಅದನ್ನು ತಡೆಯುವ ಒಂದು ಅವೊಮಿನ್ ಮಾತ್ರೆ ನುಂಗಿರುತ್ತಾರೆ. ಅದು ನಿದ್ದೆ ತರಿಸುವ ಮಾತ್ರೆ, ನುಂಗಿದವರು ಗಾಡಿ ಓಡಿಸಬಾರದು. ಅಲ್ಲಿಗೆ ಅವಳ ಕೈಗೆ ಸ್ಟೀರಿಂಗ್ ಬರುವ ದಾರಿ ಪೂರ್ತಿ ಮುಚ್ಚಿತು. ಮಾತ್ರೆ ಕೆಲಸ ಮಾಡಿದರೆ ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿ ಮುಚ್ಚಿದ ಕಣ್ಣು ತೆರೆಯುವುದು ಘಟ್ಟದ ಕೆಳಗಿನ ಉಜಿರೆಯಲ್ಲಿ.

ಅವಳು ನಿದ್ದೆಯಲ್ಲಿ ಕಳೆದುಕೊಂಡದ್ದು ಏನು ಎಂಬುದನ್ನು ನೆನೆಯಿರಿ. ಮಳೆಗಾಲ ಮುಗಿಯುವ ಹೊತ್ತಿನ ಚಾರ್ಮಾಡಿಯಲ್ಲಿ ಬಂಡೆಯ ಪ್ರತಿ ಬಿರುಕಿನಿಂದಲೂ ನೀರು ಇಳಿಯುತ್ತಿರುತ್ತದೆ. ಕೆಲವು ಝರಿಗಳು ರಸ್ತೆಯ ಅಂಚಿಗೇ ಬಂದು ಬೀಳುತ್ತವೆ, ಕಿಟಕಿ ಇಳಿಸಿದರೆ ಮುಖಕ್ಕೆ ಹನಿ. ಮೇಲೆ ಶೋಲಾ ಕಾಡು ತೇಪೆ ಹಾಕಿದ ಹುಲ್ಲುಗುಡ್ಡಗಳು, ಕೆಳಗೆ ಕಣಿವೆಯಿಂದ ಮೇಲೇಳುವ ಮಂಜು. ಒಂದು ತಿರುವಿನಲ್ಲಿ ಏನೂ ಕಾಣದು, ಮುಂದಿನ ತಿರುವಿನಲ್ಲಿ ಇಡೀ ಬೆಳ್ತಂಗಡಿ ಸೀಮೆ ಕಾಲ ಬುಡದಲ್ಲಿ ಹರಡಿಕೊಂಡಿರುತ್ತದೆ. ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ಲಾರಿ ನಿಲ್ಲಿಸಿ ಕೈ ಮುಗಿಯುವ ಚಾಲಕರು, ಗಾಳಿಯ ತಂಪು ಇಳಿಇಳಿಯುತ್ತ ಕರಾವಳಿಯ ಬೆವರಾಗಿ ಬದಲಾಗುವ ಆ ಕೆಲವೇ ನಿಮಿಷಗಳು, ಕಾಫಿ ತೋಟದ ವಾಸನೆ ಹೋಗಿ ಅಡಕೆ ತೋಟ ಶುರುವಾಗುವುದು. ಒಂದು ಗಂಟೆಯೊಳಗೆ ಹವೆ, ಬೆಳೆ, ಮನೆಯ ಮಾಡು, ಮಾತಿನ ಧಾಟಿ ಎಲ್ಲವೂ ಬದಲಾಗುವ ಇಂಥ ದಾರಿ ಬಯಲಿನಲ್ಲಿ ಎಲ್ಲಿದೆ? ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಎಂದು ನಮ್ಮ ಹಿರಿಯರು ನಾಡನ್ನೇ ಭಾಗ ಮಾಡಿದ್ದು ಸುಮ್ಮನಲ್ಲ.

ಇನ್ನು ಓಡಿಸುವ ಗಂಡ? ಅವನೂ ಇದ್ಯಾವುದನ್ನೂ ನೋಡುವುದಿಲ್ಲ. ನೋಡಬಾರದು ಕೂಡ. ಅವನ ಕಣ್ಣು ಮುಂದಿನ ನಲವತ್ತು ಅಡಿ ಡಾಂಬರಿನ ಮೇಲೆ, ಎದುರು ಬರುವ ಬಸ್ಸಿನ ಮೂತಿಯ ಮೇಲೆ, ತಿರುವಿನ ಕನ್ನಡಿಯ ಮೇಲೆ ಇರಬೇಕು. ಹೀಗೆ ಪ್ರತಿ ಪ್ರವಾಸದಲ್ಲೂ ಒಬ್ಬರು ರಸ್ತೆ ನೋಡಿ, ಇನ್ನೊಬ್ಬರು ಕಣ್ಣು ಮುಚ್ಚಿ ಘಟ್ಟ ದಾಟುತ್ತಾರೆ. ಮನೆಗೆ ಬಂದು ಇಬ್ಬರೂ ‘ಸೀನರಿ ತುಂಬ ಚೆನ್ನಾಗಿತ್ತು’ ಎನ್ನುತ್ತಾರೆ. ನೋಡಿದ್ದು ವ್ಯೂ ಪಾಯಿಂಟಿನಲ್ಲಿ ಸೆಲ್ಫಿಗೆಂದು ಇಳಿದ ಐದು ನಿಮಿಷ. ಒಂದು ಘಟ್ಟ ಅವನು, ಇನ್ನೊಂದು ಘಟ್ಟ ಅವಳು ಎಂದು ಹಂಚಿಕೊಂಡರೆ ಅವಳ ಹೊಟ್ಟೆಯೂ ನೆಟ್ಟಗಿರುತ್ತದೆ, ಎಷ್ಟೋ ವರ್ಷ ಘಟ್ಟ ಓಡಿಸಿದ ಗಂಡ ಮೊದಲ ಸಲ ಘಟ್ಟವನ್ನು ಕಾಣುತ್ತಾನೆ. ನನ್ನ ಗಂಡ ಬಾಳೆಬರೆ ಘಾಟಿಯಲ್ಲಿ ಮೊದಲ ಬಾರಿಗೆ ಎಡಗಡೆ ಕೂತಾಗ, ಇಲ್ಲಿ ಇಷ್ಟು ಕಾಡಿದೆ ಎಂದು ಗೊತ್ತೇ ಇರಲಿಲ್ಲ ಅಂದರು. ಆ ದಾರಿಯಲ್ಲಿ ಅವರು ಮದುವೆಗೆ ಮುಂಚಿನಿಂದಲೂ ಓಡಾಡಿದವರು.

ಸುರಕ್ಷತೆಯ ಹೆಸರಿನಲ್ಲಿ ನಡೆಯುವ ಈ ಏರ್ಪಾಟು ಸುರಕ್ಷತೆಗೇ ಎಷ್ಟು ವಿರುದ್ಧ ಎಂಬುದು ಗಡಿಯಾರ ನೋಡಿದರೆ ತಿಳಿಯುತ್ತದೆ. ಬೆಂಗಳೂರಿನಿಂದ ಆಗುಂಬೆಗೆ ಸುಮಾರು 350 ಕಿ.ಮೀ. ಬೆಳಗ್ಗೆ ಹೊರಟು, ಊಟ ಮುಗಿಸಿ, ಬೆನ್ನು ನೋಯುವ, ರೆಪ್ಪೆ ಎಳೆಯುವ ಹೊತ್ತಿಗೆ ಸರಿಯಾಗಿ ಹದಿನಾಲ್ಕು ಹೇರ್‌ಪಿನ್‌ಗಳ ಇಳಿಜಾರು ಎದುರಾಗುತ್ತದೆ. ದಿನವಿಡೀ ಓಡಿಸಿ ದಣಿದವನೇ ದಿನದ ಅತಿ ಕಠಿಣ ಹತ್ತು ಕಿಲೋಮೀಟರನ್ನೂ ಓಡಿಸಬೇಕಂತೆ. ಪಕ್ಕದಲ್ಲಿ ಲೈಸೆನ್ಸ್ ಇರುವ ಇನ್ನೊಬ್ಬರು ತಾಜಾ ಆಗಿ ಕೂತಿದ್ದಾರೆ, ಅವರು ಹೆಣ್ಣು ಎಂಬ ಕಾರಣಕ್ಕೆ ಮುಟ್ಟಬಾರದು. ಹೋಗಲಿ, ಆ ಒಬ್ಬನೇ ಚಾಲಕನಿಗೆ ದಾರಿಯಲ್ಲಿ ಹೊಟ್ಟೆ ಕೆಟ್ಟರೆ, ಜ್ವರ ಬಂದರೆ, ಎದೆ ಹಿಡಿದುಕೊಂಡರೆ? ಬಿಸಿಲೆಯ ಕಾಡಿನೊಳಗೆ, ಹುಲಿಕಲ್ಲಿನ ತಿರುವುಗಳಲ್ಲಿ ಫೋನಿನ ಸಿಗ್ನಲ್ ಎಲ್ಲೆಡೆ ಸಿಗುವುದಿಲ್ಲ. ಘಟ್ಟದಲ್ಲಿ ಒಮ್ಮೆಯೂ ಓಡಿಸದವಳು ಅವತ್ತು, ಕತ್ತಲಲ್ಲಿ, ಮಳೆಯಲ್ಲಿ, ನರಳುವ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಪಾಠ ಕಲಿಯಬೇಕು. ಹೆಂಡತಿಯನ್ನು ಕಾಪಾಡುತ್ತೇನೆಂದು ಸ್ಟೀರಿಂಗ್ ಕಸಿದವನು ಅವಳನ್ನು ತಂದು ನಿಲ್ಲಿಸುವುದು ಇಲ್ಲಿಗೆ.

ಘಟ್ಟದಲ್ಲಿ ಧೈರ್ಯ ಬೇಕು ಎನ್ನುತ್ತಾರೆ. ಯಾವ ಧೈರ್ಯ? ಕಿರಿದಾದ ಏರಿನಲ್ಲಿ ಎರಡು ಗಾಡಿ ಎದುರುಬದುರಾದರೆ ಇಳಿಯುವ ಗಾಡಿ ಬದಿಗೆ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು ಎಂಬುದು ಕೇಂದ್ರ ಸರ್ಕಾರದ 2017ರ ಚಾಲನಾ ನಿಯಮಗಳಲ್ಲೇ ಇದೆ. ಈ ನಿಯಮ ಎಷ್ಟು ಜನರಿಗೆ ಗೊತ್ತು? ಗೊತ್ತಿದ್ದವರಲ್ಲಿ ಎಷ್ಟು ಜನ ಪಾಲಿಸುತ್ತಾರೆ? ತಿರುವಿನ ನಡುವೆ ಇಬ್ಬರು ಗಂಡಸರು ಮೂತಿಗೆ ಮೂತಿ ತಾಗಿಸಿ ನಿಂತು, ರಿವರ್ಸ್ ಹಾಕಿದರೆ ಮಾನ ಹೋಯಿತು ಎಂಬಂತೆ ಹಾರನ್ ಒತ್ತುತ್ತ, ಹಿಂದೆ ಅರ್ಧ ಕಿಲೋಮೀಟರ್ ಸಾಲು ಬೆಳೆಸುವುದು ಪ್ರತಿ ವಾರಾಂತ್ಯದ ದೃಶ್ಯ. ಕುರುಡು ತಿರುವಿನಲ್ಲಿ ಓವರ್‌ಟೇಕ್ ಮಾಡುವವನನ್ನು ನಾವು ‘ಒಳ್ಳೇ ಡ್ರೈವರ್’ ಎನ್ನುತ್ತೇವೆ. ನಿಧಾನಿಸಿ, ಹಾರನ್ ಮಾಡಿ, ಎಡಕ್ಕೆ ಅಂಟಿಕೊಂಡು ಹೋಗುವ ಹೆಣ್ಣನ್ನು ‘ಪುಕ್ಕಲು’ ಎನ್ನುತ್ತೇವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ ಹತ್ತು ಸಾವಿನಲ್ಲಿ ಏಳಕ್ಕೂ ಹೆಚ್ಚು ಸಾವಿಗೆ ಕಾರಣ ಅತಿವೇಗ. ಪುಕ್ಕಲುತನದಿಂದ ಇಷ್ಟು ಜನ ಸತ್ತರು ಎಂಬ ಸಾಲು ಆ ವರದಿಯಲ್ಲಿಲ್ಲ. ಹೆಂಗಸರು ಹುಟ್ಟಾ ಒಳ್ಳೆಯ ಚಾಲಕರು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಎದುರಾಳಿಯ ತಪ್ಪನ್ನೇ ತಿರುಗಿಸಿ ಹೇಳಿದಂತಾದೀತು. ಘಟ್ಟ ಕೇಳುವ ಗುಣ ತಾಳ್ಮೆ, ಅದು ಯಾರಲ್ಲಿದ್ದರೂ ಅವರು ಓಡಿಸಬಹುದು ಎಂಬುದಷ್ಟೇ ನನ್ನ ಮಾತು.

ನನ್ನ ವಾದಕ್ಕೆ ಬರುವ ಎದುರುಮಾತುಗಳಲ್ಲಿ ಒಂದಕ್ಕೆ ತೂಕವಿದೆ. ಅಭ್ಯಾಸವಿಲ್ಲದವರ ಕೈಗೆ ಪ್ರಪಾತದ ಅಂಚಿನಲ್ಲಿ ಗಾಡಿ ಕೊಡುವುದು ಸರಿಯೇ ಎಂಬುದು. ಸರಿಯಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ, ಮಂಜು ಮುಸುಕಿದ ಚಾರ್ಮಾಡಿಯಲ್ಲಿ ಮೊದಲ ಪಾಠ ಹೇಳಿಕೊಡಿ ಎಂದು ಯಾರೂ ಕೇಳುತ್ತಿಲ್ಲ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿದ್ದು ನೆನಪಿರುವವರು ಮಳೆಗಾಲದಲ್ಲಿ ಗಂಡಸರಿಗೂ ಅಲ್ಲಿಗೆ ಹೋಗಲು ಹೇಳುವುದಿಲ್ಲ. ಆದರೆ ಅಭ್ಯಾಸವಿಲ್ಲ ಎಂಬುದು ಕಲಿಸಲು ಕಾರಣವಾಗಬೇಕೇ ಹೊರತು ಕಲಿಸದಿರಲು ಅಲ್ಲ. ಈ ಗಂಡಸರಿಗಾದರೂ ಅಭ್ಯಾಸ ಎಲ್ಲಿಂದ ಬಂತು? ಮೊದಲ ಸಲ ಘಾಟಿ ಇಳಿದಾಗ ಅವರೂ ಹೊಸಬರೇ ಆಗಿದ್ದರು, ಯಾರೂ ತಡೆಯಲಿಲ್ಲ ಅಷ್ಟೆ. ಕಲಿಯುವ ಕ್ರಮ ಕಷ್ಟದ್ದೇನಲ್ಲ. ಡಿಸೆಂಬರ್ ಅಥವಾ ಜನವರಿಯ ಒಣಹವೆಯಲ್ಲಿ, ವಾರದ ನಡುವೆ, ಬೆಳಗಿನ ಬೆಳಕಿನಲ್ಲಿ ಶುರುಮಾಡಬೇಕು. ಮೊದಲು ಹತ್ತುವುದು, ಆಮೇಲೆ ಇಳಿಯುವುದು. ಏರಿನಲ್ಲಿ ಗಾಡಿಯ ವೇಗವನ್ನು ಗುಡ್ಡವೇ ತಡೆಯುತ್ತದೆ, ತಪ್ಪಿದರೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವ ದಾರಿ ಆಗುಂಬೆಗಿಂತ ಎಷ್ಟೋ ಸೌಮ್ಯ. ಟ್ಯಾಂಕರ್, ಕಂಟೇನರ್‌ಗಳ ಸಾಲು ಬಿಡದ ಶಿರಾಡಿ, ಅರಬೈಲು ಕೊನೆಗಿರಲಿ. ಏರಿನಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ಜಾರದಂತೆ ಹ್ಯಾಂಡ್‌ಬ್ರೇಕ್ ಹಿಡಿದು ಎತ್ತುವುದನ್ನು ಊರಲ್ಲೇ, ಯಾವುದಾದರೂ ಫ್ಲೈಓವರಿನ ಏರಿನಲ್ಲಿ, ಕಲಿತುಬಿಡಬಹುದು. ಇದಿಷ್ಟನ್ನು ಮಾಡಿದ ಮೇಲೆ ಉಳಿಯುವುದು ಬರೀ ಹಟ.

‘ಅವಳಿಗೇ ಬೇಡ, ನಾನೆಲ್ಲಿ ಬೇಡ ಅಂದೆ’ ಎಂಬುದು ಇನ್ನೊಂದು ಉತ್ತರ. ಹೆಚ್ಚಿನ ಮನೆಗಳಲ್ಲಿ ಇದು ನಿಜವೂ ಹೌದು, ಅವಳೇ ಬೇಡ ಎನ್ನುತ್ತಾಳೆ. ಯಾಕೆಂದು ಯಾರೂ ಕೇಳುವುದಿಲ್ಲ. ಅವಳು ಓಡಿಸುವಾಗಲೆಲ್ಲ ಎಡಗಡೆಯಿಂದ ‘ಬ್ರೇಕ್ ಬ್ರೇಕ್’, ‘ಅಯ್ಯೋ ಎಡಕ್ಕೆ’, ‘ಗೇರ್ ಯಾಕೆ ಇಳಿಸಿಲ್ಲ’ ಎಂಬ ಕೂಗು ಬರುತ್ತಿರುತ್ತದೆ. ಅವನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿರುತ್ತದೆ. ಒಂದು ಗೀರು ಬಿದ್ದರೆ ಆರು ತಿಂಗಳು ನೆಂಟರ ಮುಂದೆಲ್ಲ ಅದರ ವರದಿ. ಅವನ ಕೈಯಲ್ಲಿ ಬಂಪರ್ ಒಡೆದರೆ ಅದು ಎದುರಿನವನ ತಪ್ಪು. ಹೀಗೆ ಪ್ರತಿ ತಪ್ಪಿಗೂ ಲೆಕ್ಕ ಕೊಡಬೇಕಾದವಳು ಕಷ್ಟದ ದಾರಿಯನ್ನು ತಾನಾಗಿ ಬಿಟ್ಟುಬಿಡುತ್ತಾಳೆ. ಅದನ್ನು ಅವಳ ಆಯ್ಕೆ ಎನ್ನುವುದು ಅನ್ಯಾಯ. ಹಾಗೆ ನೋಡಿದರೆ ಘಟ್ಟದಲ್ಲಿ ಅವಳು ಈಗಲೂ ಅರ್ಧ ಚಾಲಕಿಯೇ. ಎದುರಿಂದ ಬಸ್ಸು ಬಂದಾಗ ಕಿಟಕಿಯಿಂದ ತಲೆ ಹೊರಹಾಕಿ ‘ಇನ್ನೂ ಒಂದಡಿ ಜಾಗ ಇದೆ, ಬನ್ನಿ’ ಎಂದು ಚರಂಡಿಯ ಅಂಚಿನಲ್ಲಿ ಗಾಡಿ ಕಾಪಾಡುವವಳು ಅವಳು. ಮುಂದಿನ ತಿರುವು, ಮುಂದಿನ ಊರು, ಮುಂದಿನ ಪೆಟ್ರೋಲ್ ಬಂಕು ಎಲ್ಲವೂ ಅವಳ ಲೆಕ್ಕದಲ್ಲಿರುತ್ತವೆ.

ಹೆಂಗಸರ ಕಡೆಯಿಂದ ಬರುವ ಒಂದು ಹಿಂಜರಿಕೆಗೆ ಮಾತ್ರ ನನ್ನ ಬಳಿ ಸುಲಭದ ಉತ್ತರವಿಲ್ಲ. ಸ್ಟೀರಿಂಗ್ ಹಿಂದೆ ಹೆಣ್ಣು ಕಂಡರೆ ಬಾಲಕ್ಕೆ ಅಂಟಿಕೊಂಡು ಹಾರನ್ ಬಾರಿಸುವವರು, ಬೇಕೆಂದೇ ಮುಂದೆ ನುಗ್ಗಿ ಬ್ರೇಕ್ ಹಾಕುವವರು, ವ್ಯೂ ಪಾಯಿಂಟುಗಳಲ್ಲಿ ಬಾಟಲಿ ಹಿಡಿದು ನಿಂತು ಮಾತು ಎಸೆಯುವ ಗುಂಪುಗಳು ನಮ್ಮ ಘಾಟಿಗಳಲ್ಲಿ ಇವೆ. ತಿರುವಿಗಿಂತ ಈ ಜನರೇ ಹೆಚ್ಚು ಹೆದರಿಸುತ್ತಾರೆ. ಇದಕ್ಕೆ ಪೊಲೀಸರ ಗಸ್ತು ಬೇಕು, ಘಾಟಿಯಲ್ಲಿ ಕುಡಿದು ನಿಲ್ಲುವವರ ಮೇಲೆ ಕೇಸು ಬೀಳಬೇಕು. ಆದರೆ ಕೆಲವು ಗಂಡಸರು ಕೆಟ್ಟದಾಗಿ ನಡೆದುಕೊಳ್ಳುತ್ತಾರೆಂದು ಎಲ್ಲ ಹೆಂಗಸರೂ ರಸ್ತೆ ಬಿಟ್ಟುಕೊಡುವುದು ಪರಿಹಾರವಲ್ಲ. ಜೋಡಿಯಾಗಿ ಹೊರಟವರಿಗಂತೂ ಇಬ್ಬರಲ್ಲಿ ಯಾರು ಓಡಿಸಿದರೂ ಪಕ್ಕದಲ್ಲಿ ಇನ್ನೊಬ್ಬರು ಇದ್ದೇ ಇರುತ್ತಾರೆ.

ಅಷ್ಟಕ್ಕೂ ಘಾಟಿ ಹೆಂಗಸರಿಗಲ್ಲ ಎಂಬ ಮಾತು ನಡೆಯುವುದು ನಗರದಿಂದ ಬರುವ ನಮ್ಮಂಥವರಲ್ಲೇ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಮೂಡಿಗೆರೆಯ ಕಡೆ ಬೆಳಗ್ಗೆ ರಸ್ತೆಗಿಳಿದು ನೋಡಿ. ಮಗುವನ್ನು ಮುಂದೆ ನಿಲ್ಲಿಸಿಕೊಂಡು, ಮಳೆಕೋಟು ಹಾಕಿಕೊಂಡು ಸ್ಕೂಟರಿನಲ್ಲಿ ಏರು ತಿರುವು ಹತ್ತುವ ಮೇಷ್ಟರಮ್ಮ, ಆಶಾ ಕಾರ್ಯಕರ್ತೆ, ಬ್ಯಾಂಕಿನ ಉದ್ಯೋಗಿ ಸಿಗುತ್ತಾರೆ. ತೋಟದ ಕೆಲಸಗಾರರನ್ನು ಜೀಪಿನಲ್ಲಿ ಕರೆತರುವ ಹೆಂಗಸರೂ ಇದ್ದಾರೆ. ಅವರ ರಸ್ತೆಗೆ ತಡೆಗೋಡೆಯೂ ಇಲ್ಲ, ಕನ್ನಡಿಯೂ ಇಲ್ಲ. ಅವರಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಅವರೂ ಅದನ್ನು ಸಾಹಸ ಅಂದುಕೊಂಡಿಲ್ಲ.

ಈ ಮಳೆ ಕಳೆದ ಮೇಲೆ ಜೋಡಿಯಾಗಿ ಘಟ್ಟಕ್ಕೆ ಹೊರಡುವವರಿಗೆ ಎರಡು ಮಾತು. ಓಡಿಸಲು ಬಲ್ಲ ಹೆಂಗಸರೇ, ಹೊರಡುವ ಮುಂಚೆ ನಿದ್ದೆಯ ಮಾತ್ರೆ ನುಂಗಬೇಡಿ, ನನ್ನ ಪಾಲಿನ ಘಾಟಿ ಯಾವುದು ಎಂದು ಮನೆಯಲ್ಲೇ ಮಾತಾಡಿಕೊಳ್ಳಿ, ಕೈ ಚಾಚಿದಾಗ ಕೀ ಕೊಡಬೇಡಿ. ಗಂಡಂದಿರೇ, ಎಡಗಡೆ ಬಾಗಿಲು ತೆಗೆದು ಕೂತುಕೊಳ್ಳಿ, ಸೀಟ್ ಬೆಲ್ಟ್ ಹಾಕಿ, ಕಿಟಕಿ ಇಳಿಸಿ. ಅವಳು ಕೇಳಿದರೆ ಮಾತ್ರ ಎಡಕ್ಕೆ ಎಷ್ಟು ಜಾಗ ಇದೆ ಎಂದು ಹೇಳಿ. ಬ್ರೇಕ್ ಎಲ್ಲಿದೆ ಎಂಬುದು ಅವಳಿಗೆ ಗೊತ್ತು.